ಎಷ್ಟು ಇಂಚು ಎಂಬ ತಪ್ಪು ಪ್ರಶ್ನೆ

2015ರ ಜನವರಿ 26ರ ರಾತ್ರಿ ಹನ್ನೊಂದು ಗಂಟೆಗೆ ನ್ಯೂಯಾರ್ಕ್ ನಗರದ ಸಬ್‌ವೇ ರೈಲುಗಳನ್ನು ನಿಲ್ಲಿಸಿದರು. ಆ ರೈಲಿನ ನೂರಹತ್ತು ವರ್ಷಗಳ ಇತಿಹಾಸದಲ್ಲಿ ಹಿಮದ ಕಾರಣಕ್ಕೆ ಇಡೀ ಸಂಚಾರ ನಿಂತದ್ದು ಅದೇ ಮೊದಲು. 20ರಿಂದ 30 ಇಂಚು ಹಿಮ ಬೀಳಲಿದೆ ಎಂದು ಅಲ್ಲಿನ ರಾಷ್ಟ್ರೀಯ ಹವಾಮಾನ ಸೇವೆ ಹೇಳಿತ್ತು. ಸೆಂಟ್ರಲ್ ಪಾರ್ಕಿನಲ್ಲಿ ಕೊನೆಗೆ ಅಳತೆಗೆ ಸಿಕ್ಕಿದ್ದು 9.8 ಇಂಚು.

ನಗರ ಸಿಟ್ಟಾಯಿತು. ಸಂಚಾರ ನಿಲ್ಲಿಸಿದ ಗವರ್ನರ್ ಆಂಡ್ರ್ಯೂ ಕೋಮೊ, ಭಾರೀ ಹಿಮಪಾತದ ಎಚ್ಚರಿಕೆ ಕೊಟ್ಟಿದ್ದ ಮೇಯರ್ ಬಿಲ್ ಡಿ ಬ್ಲಾಸಿಯೊ ಇಬ್ಬರೂ ಜನರ ಬಾಯಿಗೆ ಸಿಕ್ಕರು. ಫಿಲಡೆಲ್ಫಿಯಾ ಮತ್ತು ನ್ಯೂಜೆರ್ಸಿಯ ಬಹುಭಾಗವನ್ನು ನೋಡಿಕೊಳ್ಳುವ ಮೌಂಟ್ ಹೋಲಿ ಹವಾಮಾನ ಕಚೇರಿಯ ಗ್ಯಾರಿ ಶಟ್ಕೋವ್‌ಸ್ಕಿ ಟ್ವಿಟರ್‌ನಲ್ಲಿ ಎಲ್ಲರ ಕ್ಷಮೆ ಕೇಳಿದರು. ಹೇಳಿದವರೇ ಕ್ಷಮೆ ಕೇಳಿದ ಮೇಲೆ ಇನ್ನೇನು ಉಳಿಯಿತು ಎಂದು ಜನ ತೀರ್ಮಾನಿಸಿಬಿಟ್ಟರು. ಅಮೆರಿಕದ ಈಶಾನ್ಯ ಭಾಗದಲ್ಲಿ ಯಾವ ಹಿಮಬಿರುಗಾಳಿಯ ಸುದ್ದಿ ಬಂದರೂ ಆ ರಾತ್ರಿಯ ನೆನಪು ಎದ್ದು ಬರುತ್ತದೆ. ಬೋಸ್ಟನ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲೂ ಅದೇ ಮಾತು: ಹವಾಮಾನದವರು ಹೇಳಿದ್ದು ಯಾವತ್ತು ಆಗಿದೆ, ಸುಮ್ಮನೆ ಹಾಲು, ಬ್ರೆಡ್ ತಂದಿಟ್ಟುಕೊಂಡದ್ದಾಯಿತು.

ಈ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಅದರ ಟೊಳ್ಳು ಕಾಣಬೇಕಾದರೆ ಹವಾಮಾನಶಾಸ್ತ್ರ ಓದಿರಬೇಕಾದ್ದಿಲ್ಲ. ವರ್ಮಾಂಟ್, ನ್ಯೂಹ್ಯಾಂಪ್‌ಶೈರ್‌ನ ಬೆಟ್ಟಗಳಲ್ಲಿ ಸ್ಕೀ ಮಾಡುವವರು ಬಿರುಗಾಳಿಯೊಂದರ ದಾರಿ ಕಾಯುವ ಬಗೆಯನ್ನು ಗಮನಿಸಿದರೆ ಸಾಕು. ಈ ಜನಕ್ಕೆ ಹವಾಮಾನದ ಕಂಪ್ಯೂಟರ್ ಮಾಡೆಲ್‌ಗಳ ಹುಚ್ಚು, ದಿನವಿಡೀ ನಕ್ಷೆ ನೋಡುತ್ತಾ ಕೂರುತ್ತಾರೆ ಎಂದು ಉಳಿದವರು ಹೇಳುವುದುಂಟು. ಆದರೆ ಮುನ್ಸೂಚನೆಯನ್ನು ಓದಬೇಕಾದ ಹಾಗೆ ಓದುವುದನ್ನು ಇವರಷ್ಟು ಚೆನ್ನಾಗಿ ರೂಢಿಸಿಕೊಂಡ ಸಾಮಾನ್ಯ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲು 2015ರ ಬಿರುಗಾಳಿಯ ಲೆಕ್ಕವನ್ನೇ ಪೂರ್ತಿ ನೋಡೋಣ. ಸೆಂಟ್ರಲ್ ಪಾರ್ಕಿನಿಂದ ಸುಮಾರು ಐವತ್ತು ಮೈಲಿ ಪೂರ್ವಕ್ಕೆ, ಲಾಂಗ್ ಐಲೆಂಡಿನ ಐಸ್ಲಿಪ್‌ನಲ್ಲಿ 24.9 ಇಂಚು ಬಿತ್ತು. ಬೋಸ್ಟನ್ನಿನಲ್ಲಿ 24.6. ಮ್ಯಾಸಚೂಸೆಟ್ಸ್‌ನ ವುಸ್ಟರ್‌ನಲ್ಲಿ 34.5 ಇಂಚು ಬಿದ್ದು ಆ ಊರಿನ ಹಳೆಯ ದಾಖಲೆಗಳೆಲ್ಲ ಮುರಿದವು. ನೂರಾರು ಮೈಲಿ ಅಗಲದ ಒಂದು ವ್ಯವಸ್ಥೆ ಬರುತ್ತದೆ, ಇಂಥ ದಿನ ಬರುತ್ತದೆ, ಇಷ್ಟು ಬಲವಾಗಿರುತ್ತದೆ ಎಂದು ದಿನಗಳ ಮೊದಲೇ ಹೇಳಿದ್ದು ಹಾಗೆಯೇ ನಡೆಯಿತು. ತಪ್ಪಿದ್ದು ದಟ್ಟ ಹಿಮದ ಪಶ್ಚಿಮದ ಅಂಚು ಎಲ್ಲಿ ನಿಲ್ಲುತ್ತದೆ ಎಂಬಲ್ಲಿ. ಆ ಅಂಚಿನ ಕೆಳಗೆ ಎಂಬತ್ತು ಲಕ್ಷ ಜನರ ನಗರವೂ ದೇಶದ ದೊಡ್ಡ ದೊಡ್ಡ ಟಿವಿ ಕೇಂದ್ರಗಳೂ ಇದ್ದುದರಿಂದ ಇಡೀ ಮುನ್ಸೂಚನೆಯೇ ಸುಳ್ಳಾಯಿತು ಎಂಬ ಸುದ್ದಿ ಹಬ್ಬಿತು. ವುಸ್ಟರ್‌ನವರನ್ನು ಯಾರೂ ಕೇಳಲಿಲ್ಲ.

ಇಂಥ ಬಿರುಗಾಳಿಯನ್ನು ಅಲ್ಲಿ ನಾರ್‌ಈಸ್ಟರ್ ಎನ್ನುತ್ತಾರೆ. ಕರೋಲಿನಾ ಕರಾವಳಿಯ ಆಚೆ, ಗಲ್ಫ್ ಸ್ಟ್ರೀಮಿನ ಬೆಚ್ಚನೆಯ ನೀರಿನ ಅಂಚಿನಲ್ಲಿ ವಾಯುಭಾರ ಕುಸಿತ ಹುಟ್ಟಿ ಕರಾವಳಿಯ ಗುಂಟ ಉತ್ತರಕ್ಕೆ ಏರುತ್ತದೆ. ಮೇಲೆ ಕ್ವಿಬೆಕ್ ಕಡೆ ಶೀತಗಾಳಿ ಬೀಡುಬಿಟ್ಟಿದ್ದರೆ ಕಡಲಿನಿಂದ ಬಂದ ತೇವ ಹಿಮವಾಗಿ ಸುರಿಯುತ್ತದೆ. ಎಲ್ಲವೂ ನಿಂತಿರುವುದು ಕುಸಿತದ ಕೇಂದ್ರ ಯಾವ ದಾರಿ ಹಿಡಿಯುತ್ತದೆ ಎಂಬುದರ ಮೇಲೆ. 40 ಡಿಗ್ರಿ ಉತ್ತರ ಅಕ್ಷಾಂಶ, 70 ಡಿಗ್ರಿ ಪಶ್ಚಿಮ ರೇಖಾಂಶ ಕೂಡುವ ಬಿಂದು ನ್ಯಾಂಟಕೆಟ್ ದ್ವೀಪದ ದಕ್ಷಿಣಕ್ಕೆ ಕಡಲಿನಲ್ಲಿದೆ. ಬೋಸ್ಟನ್ ಕಡೆಯವರಿಗೆ ಅದೊಂದು ಗುರುತು. ಕೇಂದ್ರ ಅದರ ಹತ್ತಿರ ಹಾದರೆ ದಕ್ಷಿಣ ನ್ಯೂಇಂಗ್ಲೆಂಡಿಗೆ ಭಾರೀ ಹಿಮ. ತೀರಾ ಹೊರಗೆ ಹೋದರೆ ಕಡಲಿಗೇ ಸುರಿದು ಮುಗಿಯುತ್ತದೆ. ಒಳನಾಡಿಗೆ ಹತ್ತಿರ ಬಂದರೆ ಬೆಚ್ಚನೆಯ ಗಾಳಿ ನುಗ್ಗಿ ಬೋಸ್ಟನ್ನಿನಲ್ಲಿ ಮಳೆಯಾಗುತ್ತದೆ, ಉತ್ತರ ವರ್ಮಾಂಟಿನಲ್ಲಿ ಹಿಮ ಬೀಳುತ್ತದೆ. ಇನ್ನೂ ಒಳಗೆ ಬಂದರೆ ಅಲ್ಲೂ ಮಳೆ. ವಾರಗಟ್ಟಲೆ ಕೂಡಿಬಂದ ಹಿಮದ ಮೇಲೆ ಮಳೆ ಸುರಿದು, ರಾತ್ರಿ ಹೆಪ್ಪುಗಟ್ಟಿ, ಬೆಟ್ಟದ ಮೈ ಗಾಜಾಗುತ್ತದೆ.

ಆದ್ದರಿಂದ ಅಲ್ಲಿನ ಅನುಭವಿ ಸ್ಕೀ ಮಾಡುವವರು ಎಷ್ಟು ಇಂಚು ಎಂದು ಮೊದಲು ಕೇಳುವುದಿಲ್ಲ. ದಾರಿ ಯಾವುದು ಎಂದು ಕೇಳುತ್ತಾರೆ. ಅಮೆರಿಕದ ಜಿಎಫ್‌ಎಸ್ ಮಾಡೆಲ್ ದಿನಕ್ಕೆ ನಾಲ್ಕು ಸಲ ಓಡುತ್ತದೆ. ಬೆಳಗಿನ ಏಳರ ದತ್ತಾಂಶ ಹಿಡಿದು ಹೊರಟದ್ದರ ಫಲಿತ ಮಧ್ಯಾಹ್ನದೊಳಗೆ ಸಿಗುತ್ತದೆ, ಒಂದು ಗಂಟೆಯ ಸುಮಾರಿಗೆ ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರದ ಮಾಡೆಲ್ ಬರತೊಡಗುತ್ತದೆ. ಊಟದ ಬಿಡುವಿನಲ್ಲಿ ಫೋನು ಹಿಡಿದು ಕೂತವರು ನೋಡುವುದು ಹಿಂದಿನ ಓಟಕ್ಕೂ ಈ ಓಟಕ್ಕೂ ಕೇಂದ್ರ ಎತ್ತ ಸರಿದಿದೆ ಎಂದು. ಮಂಗಳವಾರ ಪೂರ್ವಕ್ಕೆ, ಬುಧವಾರ ಪಶ್ಚಿಮಕ್ಕೆ, ಮತ್ತೆ ಪೂರ್ವಕ್ಕೆ ಎಂದು ಆಡುತ್ತಿದ್ದರೆ ಇನ್ನೂ ಏನೂ ತೀರ್ಮಾನವಾಗಿಲ್ಲ ಎಂದು ಅವರಿಗೆ ಅರ್ಥವಾಗುತ್ತದೆ. ರದ್ದು ಮಾಡಬಹುದಾದ ಕೋಣೆ ಮಾತ್ರ ಕಾದಿರಿಸುತ್ತಾರೆ. ಆಫೀಸಿನಲ್ಲಿ ರಜೆಯ ಮಾತೆತ್ತುವುದನ್ನು ಗುರುವಾರಕ್ಕೆ ಮುಂದೂಡುತ್ತಾರೆ. ಅನಿಶ್ಚಿತತೆಯನ್ನು ಇಟ್ಟುಕೊಂಡೇ ಬದುಕಿನ ಒಂದು ಸಣ್ಣ ನಿರ್ಧಾರ ಮಾಡುವ ಕ್ರಮ ಇದು, ಮತ್ತು ಈ ಕ್ರಮದಲ್ಲಿ ಹವಾಮಾನದವರನ್ನು ಬೈಯುವ ಸಂದರ್ಭವೇ ಬರುವುದಿಲ್ಲ.

ಈ ವಲಯದಲ್ಲೂ ಒಂದು ಮೂಢನಂಬಿಕೆ ಇದೆ. ಯುರೋಪಿನ ಮಾಡೆಲ್ಲೇ ರಾಜ, ಅದು ಹೇಳಿದ್ದೇ ಕೊನೆ ಎಂಬ ನಂಬಿಕೆ. ಅದಕ್ಕೆ ಕಾರಣವುಂಟು. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಕಡಲಿನಿಂದ ಎಡಕ್ಕೆ ತಿರುಗಿ ನ್ಯೂಜೆರ್ಸಿಗೆ ಅಪ್ಪಳಿಸುತ್ತದೆ ಎಂದು ಆ ಮಾಡೆಲ್ ವಾರದ ಮೊದಲೇ ತೋರಿಸಿತ್ತು, ಅಮೆರಿಕದ ಮಾಡೆಲ್ ಆ ದಾರಿಗೆ ಬರಲು ತಡವಾಯಿತು. ಒಟ್ಟು ಸರಾಸರಿಯಲ್ಲಿ ಯುರೋಪಿನದು ಮುಂದಿದೆ ಎಂಬುದು ನಿಜ. ಆದರೆ ಸರಾಸರಿ ಎಂದರೆ ಸರಾಸರಿಯೇ. 2015ರ ಜನವರಿಯಲ್ಲಿ ನ್ಯೂಯಾರ್ಕಿನ ಮೇಲೆ ಅತಿಯಾಗಿ ಹಿಮ ಸುರಿಸಿದ್ದು ಇದೇ ಯುರೋಪಿನ ಮಾಡೆಲ್. ಅದೇ ತಿಂಗಳು ಸುಧಾರಣೆಯಾಗಿದ್ದ ಜಿಎಫ್‌ಎಸ್ ಕಡಿಮೆ ತೋರಿಸಿತ್ತು, ಅದನ್ನು ಕೇಳಿದವರು ಕಡಿಮೆ. ಒಂದು ಮಾಡೆಲ್ಲಿಗೆ ಶರಣಾಗುವುದೂ ಒಂದೇ ಸಂಖ್ಯೆಗೆ ಶರಣಾಗುವುದೂ ಒಂದೇ ದೋಷದ ಎರಡು ರೂಪಗಳು.

ಈ ದೋಷ ಯಾಕೆ ದೋಷ ಎಂಬುದನ್ನು ತೋರಿಸಿಕೊಟ್ಟವರು ಕೇಂಬ್ರಿಜ್‌ನ ಎಂಐಟಿಯಲ್ಲಿದ್ದ ಎಡ್ವರ್ಡ್ ಲೊರೆಂಜ್. ಆರಂಭದ ಸ್ಥಿತಿಯಲ್ಲಿ ಎಣಿಕೆಗೆ ಸಿಗದಷ್ಟು ಸಣ್ಣ ವ್ಯತ್ಯಾಸವಿದ್ದರೂ ವಾತಾವರಣದ ಎರಡು ಲೆಕ್ಕಗಳು ದಿನ ಕಳೆದಂತೆ ಬೇರೆ ಬೇರೆ ದಾರಿ ಹಿಡಿಯುತ್ತವೆ ಎಂಬ ಅವರ ವಿಚಾರಕ್ಕೆ ನೆಲೆ ಕೊಟ್ಟ ಪ್ರಬಂಧ 1963ರದು. ಬ್ರೆಜಿಲ್‌ನಲ್ಲಿ ಚಿಟ್ಟೆ ರೆಕ್ಕೆ ಬಡಿದರೆ ಟೆಕ್ಸಾಸ್‌ನಲ್ಲಿ ಸುಂಟರಗಾಳಿ ಏಳಬಹುದೇ ಎಂದು ಕೇಳಿದ ಅವರ ಉಪನ್ಯಾಸ 1972ರ ಡಿಸೆಂಬರಿನದು. ಲೊರೆಂಜ್ ಸ್ವತಃ ಚಾರಣಪ್ರಿಯರು, ಕ್ರಾಸ್‌ಕಂಟ್ರಿ ಸ್ಕೀ ಮಾಡುತ್ತಿದ್ದವರು ಎಂಬುದು ನನಗೆ ಬಹಳ ಹಿಡಿಸುವ ಸಂಗತಿ. ಹಿಮದ ಮೇಲೆ ಓಡಾಡಿದ ಆ ಮನುಷ್ಯನೇ ಹಿಮದ ಮುನ್ಸೂಚನೆಯ ಮಿತಿಯನ್ನು ಗಣಿತದಲ್ಲಿ ಹಿಡಿದಿಟ್ಟರು.

ಅವರ ಆ ವಿಚಾರದಿಂದಲೇ ಬೆಳೆದು ಬಂದದ್ದು, 1992ರ ಡಿಸೆಂಬರಿನಿಂದ ಯುರೋಪಿನಲ್ಲೂ ಅಮೆರಿಕದಲ್ಲೂ ಅಧಿಕೃತ ಬಳಕೆಗೆ ಬಂದ ಸಮೂಹ ಮುನ್ಸೂಚನೆ. ಒಂದೇ ಆರಂಭಸ್ಥಿತಿಯನ್ನು ಕೊಂಚ ಕೊಂಚ ಬದಲಿಸಿ ಮಾಡೆಲ್ಲನ್ನು ಹತ್ತಾರು ಸಲ ಓಡಿಸುತ್ತಾರೆ. ಯುರೋಪಿನ ಕೇಂದ್ರದಲ್ಲಿ ಹೀಗೆ ಬದಲಿಸಿದ ಐವತ್ತು ಓಟಗಳು. ಐವತ್ತರಲ್ಲಿ ನಲವತ್ತೈದು ಒಂದೇ ದಾರಿಯನ್ನು ತೋರಿಸಿದರೆ ಭರವಸೆ ಹೆಚ್ಚು. ಇಪ್ಪತ್ತೈದು ಕಡಲಿನ ಕಡೆಗೂ ಇಪ್ಪತ್ತೈದು ಒಳನಾಡಿನ ಕಡೆಗೂ ಹರಡಿಕೊಂಡರೆ ಅವುಗಳ ಸರಾಸರಿಗೆ ಅರ್ಥವೇ ಇಲ್ಲ, ಏಕೆಂದರೆ ನಡುವಿನ ಆ ಸಂಖ್ಯೆಯನ್ನು ಯಾವ ಓಟವೂ ತೋರಿಸಿಲ್ಲ. ಟಿವಿಯವರು ಇಂಥ ದಿನ ಒಂದು ಸಂಖ್ಯೆ ಹೇಳಿದರೆ ಇರುವ ಅರಿವನ್ನು ಮುಚ್ಚಿಟ್ಟ ಹಾಗೆ.

ಇನ್ನು ಆ ಸಂಖ್ಯೆಯನ್ನು ಹತ್ತಿರದಿಂದ ನೋಡೋಣ. ಮುನ್ಸೂಚನೆಯಲ್ಲಿ ಬಿಡಿ, ಬಿದ್ದು ಮುಗಿದ ಹಿಮದ ಇಂಚಿಗೂ ಜನ ಊಹಿಸುವಷ್ಟು ಗಟ್ಟಿತನವಿಲ್ಲ. ಅಳೆಯುವವರು ಬಿಳಿ ಬಣ್ಣ ಬಳಿದ ಒಂದು ಹಲಗೆಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಕೂತ ಹಿಮಕ್ಕೆ ಅಳತೆಪಟ್ಟಿ ಊರಿ, ಇಂಚಿನ ಹತ್ತನೇ ಒಂದು ಭಾಗದವರೆಗೆ ಬರೆದುಕೊಂಡು, ಹಲಗೆ ಒರೆಸಿ ಮತ್ತೆ ಇಡುತ್ತಾರೆ. ಆರು ಗಂಟೆಗಿಂತ ಬೇಗ ಬೇಗ ಒರೆಸಕೂಡದು ಎಂಬ ನಿಯಮವಿದೆ. ಹಿಮ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಗಂಟೆಗೊಮ್ಮೆ ಒರೆಸಿ ಅಳೆದು ಕೂಡಿಸಿದರೆ ಅದೇ ಹಿಮ ಹೆಚ್ಚು ಇಂಚಾಗುತ್ತದೆ. 2016ರ ಜನವರಿಯ ದೊಡ್ಡ ಹಿಮಪಾತದಲ್ಲಿ ವಾಷಿಂಗ್ಟನ್ನಿನ ರೇಗನ್ ವಿಮಾನನಿಲ್ದಾಣದಲ್ಲಿ ಆ ಹಲಗೆಯೇ ಹಿಮದಲ್ಲಿ ಹೂತುಹೋಗಿ ಅಳತೆಯ ಬಗ್ಗೆ ವಿವಾದವೆದ್ದಿತು. ತಜ್ಞರ ತಂಡ ಪರಿಶೀಲಿಸಿ ಅಲ್ಲಿನ 17.8 ಇಂಚನ್ನು ಹಾಗೆಯೇ ಉಳಿಸಿತು. ಅದೇ ಪರಿಶೀಲನೆಯಲ್ಲಿ ಸೆಂಟ್ರಲ್ ಪಾರ್ಕಿನ 26.8 ಇಂಚು 27.5 ಆಯಿತು, ಎರಡನೇ ಸ್ಥಾನದಲ್ಲಿದ್ದ ಹಿಮಪಾತ ತಿಂಗಳುಗಳ ನಂತರ ಆ ನಗರದ ಸಾರ್ವಕಾಲಿಕ ದಾಖಲೆಯಾಯಿತು. ಬಿದ್ದ ಹಿಮಕ್ಕೇ ಇಷ್ಟು ಚರ್ಚೆ ಬೇಕಾದರೆ, ಬೀಳದ ಹಿಮದ ಇಂಚಿಗೆ ಪ್ರಮಾಣ ಮಾಡಿಸಿಕೊಳ್ಳುವುದು ನ್ಯಾಯವಲ್ಲ.

ಹಿಮದ ಗುಣದ ಪ್ರಶ್ನೆ ಬೇರೆಯೇ ಇದೆ. ಬಹಳಷ್ಟು ನಕ್ಷೆಗಳು ಒಂದು ಇಂಚು ನೀರಿಗೆ ಹತ್ತು ಇಂಚು ಹಿಮ ಎಂಬ ಸ್ಥಿರ ಲೆಕ್ಕದ ಮೇಲೆ ತಯಾರಾಗುತ್ತವೆ. ಉತ್ತರ ವರ್ಮಾಂಟಿನ ಜೇ ಪೀಕ್ ಅಥವಾ ಸ್ಟೋ ಬೆಟ್ಟದ ಇಳಿಜಾರಿಗೆ ವಾಯವ್ಯ ಗಾಳಿ ಬಡಿದು ಮೇಲೇರುವಾಗ ಬೀಳುವ ಹಗುರ ಹಿಮಕ್ಕೆ ಅದೇ ನೀರು ಇಪ್ಪತ್ತು ಇಂಚಾಗಬಹುದು. ಕರಾವಳಿಯ ಹಸಿ ಹಿಮಕ್ಕೆ ಆರೇಳು ಇಂಚೂ ಆಗದಿರಬಹುದು. ಕೆಲವು ನಕ್ಷೆಗಳು ಸ್ಲೀಟನ್ನೂ, ಅಂದರೆ ಬೀಳುವಾಗಲೇ ಹೆಪ್ಪುಗಟ್ಟಿದ ಮಳೆಹನಿಯನ್ನೂ, ಹಿಮದ ಲೆಕ್ಕಕ್ಕೇ ಸೇರಿಸಿ ದೊಡ್ಡ ಮೊತ್ತ ತೋರಿಸುತ್ತವೆ. ಜೊತೆಗೆ, ಬಿರುಗಾಳಿ ಯಾವ ಕ್ರಮದಲ್ಲಿ ಬಂತು ಎಂಬುದೂ ಮುಖ್ಯ. ಮೊದಲು ಭಾರದ ಹಿಮ, ಆಮೇಲೆ ಥಂಡಿ ಹೆಚ್ಚಿ ಹಗುರ ಹಿಮ ಬಿದ್ದರೆ ಅದರ ಮೇಲೆ ಸ್ಕೀ ತೇಲುತ್ತದೆ. ಥಂಡಿಯಲ್ಲಿ ಶುರುವಾಗಿ ಬೆಚ್ಚಗಾಗಿ ಮುಗಿದರೆ ಹಗುರದ ಮೇಲೆ ಭಾರ ಕೂತು ಸ್ಕೀಯ ಮೂತಿ ಒಳಗೆ ಸಿಕ್ಕಿಕೊಳ್ಳುತ್ತದೆ, ಮೊಣಕಾಲು ತಿರುಚುತ್ತದೆ. ಎರಡೂ ದಿನ ಸ್ಕೀ ರೆಸಾರ್ಟಿನ ಫಲಕದ ಮೇಲೆ ಬರೆಯುವುದು ಹದಿನಾಲ್ಕು ಇಂಚೇ.

ನ್ಯೂಹ್ಯಾಂಪ್‌ಶೈರ್‌ನ ಮೌಂಟ್ ವಾಷಿಂಗ್ಟನ್ನಿನಲ್ಲಿ ಈ ಮಾತಿಗೆ ಜೀವದ ಬೆಲೆಯಿದೆ. 1934ರ ಏಪ್ರಿಲ್ 12ರಂದು ಆ ಶಿಖರದ ಮೇಲೆ ಗಂಟೆಗೆ 231 ಮೈಲಿ ವೇಗದ ಗಾಳಿ ದಾಖಲಾಗಿತ್ತು. ಶಿಖರದ ಹಿಮವನ್ನು ಗಾಳಿ ಗುಡಿಸಿ ತಂದು ಟಕರ್ಮನ್ ಕಮರಿಯಲ್ಲಿ ಸುರಿಯುತ್ತದೆ. ಮುನ್ಸೂಚನೆಯಲ್ಲಿ ಆರೇ ಇಂಚು ಇದ್ದರೂ ಕಮರಿಯ ಗೋಡೆಗೆ ಕೆಲವು ಅಡಿ ದಪ್ಪದ ಗಟ್ಟಿ ಪದರ ಅಂಟಿಕೊಂಡು, ಒಬ್ಬ ಸ್ಕೀ ಮಾಡುವವನ ಭಾರಕ್ಕೆ ಬಿರಿದು ಹಿಮಕುಸಿತವಾಗಬಹುದು. ಆ ಬೆಟ್ಟದ ಹಿಮಕುಸಿತ ಕೇಂದ್ರದವರು ಪ್ರಕಟಣೆಯಲ್ಲಿ ಗಾಳಿ ಎತ್ತ ಬೀಸಿತು, ಹಳೆಯ ಪದರದ ಮೇಲೆ ಹೊಸದು ಹೇಗೆ ಕೂತಿತು ಎಂದೆಲ್ಲ ವಿವರವಾಗಿ ಬರೆಯುತ್ತಾರೆ. ಅದನ್ನು ಓದದೆ ಇಂಚಿನ ಸಂಖ್ಯೆ ಮಾತ್ರ ನೋಡಿ ಕಮರಿಗೆ ಹೋಗುವವರನ್ನು ಕಂಡರೆ ನನಗೆ ನಿಜವಾಗಿ ಭಯವಾಗುತ್ತದೆ.

ಒಂದು ಸಂಖ್ಯೆಯ ಈ ಹಟ ಕೊನೆಗೆ ಮುನ್ಸೂಚನೆಯನ್ನೇ ಕೆಡಿಸಿದ ಪ್ರಸಂಗ 2017ರ ಮಾರ್ಚ್ 14ರದು. ಸ್ಟೆಲ್ಲಾ ಎಂದು ಟಿವಿಯವರು ಹೆಸರಿಟ್ಟ ಆ ನಾರ್‌ಈಸ್ಟರ್ ನ್ಯೂಯಾರ್ಕ್ ನಗರಕ್ಕೆ ಒಂದು ಅಡಿಗಿಂತ ಎಷ್ಟೋ ಹೆಚ್ಚು ಹಿಮ ತರಲಿದೆ ಎಂದು ಎಚ್ಚರಿಕೆ ಹೊರಟಿತ್ತು. ಹಿಂದಿನ ದಿನ ಮಧ್ಯಾಹ್ನಕ್ಕೇ ಹೊಸ ಮಾಡೆಲ್ ಓಟಗಳು ಹಿಮ ಕಡಿಮೆ, ಸ್ಲೀಟ್ ಹೆಚ್ಚು ಎಂದು ತೋರಿಸತೊಡಗಿದವು. ಹವಾಮಾನ ಸೇವೆಯ ವಿವಿಧ ಕಚೇರಿಗಳವರು ಮಾತಾಡಿಕೊಂಡು, ಕೊನೆಯ ಗಳಿಗೆಯಲ್ಲಿ ಸಂಖ್ಯೆ ಇಳಿಸಿದರೆ ಜನ ಗೊಂದಲಗೊಂಡು ಎಚ್ಚರ ಬಿಟ್ಟಾರು ಎಂದು ಹೆದರಿ ಹಳೆಯ ಸಂಖ್ಯೆಗಳನ್ನೇ ಉಳಿಸಿದರು. ಇದನ್ನು ಅಧಿಕಾರಿಗಳೇ ನಂತರ ಸುದ್ದಿಗಾರರಿಗೆ ತಿಳಿಸಿದರು. ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು 7.6 ಇಂಚು. ಅವರ ಭಯ ನನಗೆ ಅರ್ಥವಾಗುತ್ತದೆ, ನಿರ್ಧಾರ ಮಾತ್ರ ತಪ್ಪು. ಎರಡು ವರ್ಷ ಮೊದಲು ಬೈಸಿಕೊಂಡ ಸಂಸ್ಥೆ, ತನಗೆ ತಿಳಿದದ್ದನ್ನು ತಿಳಿದ ಗಳಿಗೆಯಲ್ಲೇ ಹೇಳಲು ಹಿಂಜರಿಯಿತು. ಆ ಹಿಂಜರಿಕೆಯಲ್ಲಿ ಬೈದವರ ಪಾಲೂ ಇದೆ. ಅದೇ ಬಿರುಗಾಳಿ ಒಳನಾಡಿನ ಕಡೆ ಸರಿದು ವರ್ಮಾಂಟಿನ ಬರ್ಲಿಂಗ್ಟನ್ನಿನಲ್ಲಿ 30.4 ಇಂಚು ಸುರಿಸಿತು, ಆ ಊರಿನ ದಾಖಲೆಯಲ್ಲಿ ಎರಡನೆಯ ದೊಡ್ಡ ಹಿಮಪಾತ. ನ್ಯೂಯಾರ್ಕಿನಲ್ಲಿ ಸ್ಲೀಟ್ ಎಂದರೆ ಉತ್ತರದ ಬೆಟ್ಟಗಳಿಗೆ ಹಿಮ ಎಂಬ ತರ್ಕ ಹಿಡಿದು ಕಾರು ಹತ್ತಿದ ಸ್ಕೀ ಮಾಡುವವರಿಗೆ ಸ್ಟೆಲ್ಲಾ ಮೋಸ ಮಾಡಲಿಲ್ಲ.

ತಪ್ಪು ಇನ್ನೊಂದು ದಿಕ್ಕಿಗೂ ಆಗುತ್ತದೆ, ಅದನ್ನು ಯಾರೂ ನೆನಪಿಡುವುದಿಲ್ಲ. 2020ರ ಡಿಸೆಂಬರ್ 16, 17ರಂದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಸುತ್ತ ಸುಮಾರು 40 ಇಂಚು ಹಿಮ ಬಿತ್ತು. ಮುನ್ಸೂಚನೆ ಅದಕ್ಕಿಂತ ಬಹಳ ಕಡಿಮೆಯಿತ್ತು. ಅಲ್ಲಿಂದ ದಕ್ಷಿಣ ವರ್ಮಾಂಟಿನವರೆಗೆ ಚಾಚಿದ್ದ ಆ ಕಿರಿದಾದ ದಟ್ಟ ಪಟ್ಟಿಯ ಬಲವನ್ನು ಮಾಡೆಲ್‌ಗಳು ಹಿಡಿಯಲಾಗಲಿಲ್ಲ. ಕಾರುಗಳು ಹೂತುಹೋದವು. ಇಂಚಿನ ಲೆಕ್ಕದಲ್ಲಿ ಇದು 2015ರ ತಪ್ಪಿಗೆ ಏನೂ ಕಡಿಮೆಯಲ್ಲ, ಅಪಾಯದ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು. ಆದರೂ ಯಾವ ಅಧಿಕಾರಿಯಿಂದಲೂ ಕ್ಷಮೆ ಕೇಳಿಸುವ ಗದ್ದಲ ಏಳಲಿಲ್ಲ. ಬೀಳದ ಹಿಮಕ್ಕೆ ಸಿಟ್ಟು, ಹೇಳದೆ ಬಿದ್ದ ಹಿಮಕ್ಕೆ ಮೌನ ಎಂಬ ಈ ಪಕ್ಷಪಾತ ಮುನ್ಸೂಚಕರಿಗೂ ತಿಳಿಯುತ್ತದೆ. ಕರ್ನಾಟಕದ ಕರಾವಳಿ ಜಿಲ್ಲೆಗಳಲ್ಲಿ ಮಳೆಯ ರೆಡ್ ಅಲರ್ಟ್ ಕೊಟ್ಟು ಶಾಲೆಗೆ ರಜೆ ಘೋಷಿಸಿದ ದಿನ ಬಿಸಿಲು ಬಂದರೆ ಜಿಲ್ಲಾಧಿಕಾರಿಗೆ ಏನೆಲ್ಲ ಕೇಳಬೇಕಾಗುತ್ತದೆ ಎಂದು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗವರ್ನರ್‌ಗೆ ಸಂಭವನೀಯತೆಯ ಪಟ್ಟಿ ಕೊಟ್ಟು ಏನು ಪ್ರಯೋಜನ, ಅವನಿಗೆ ರೈಲು ನಿಲ್ಲಿಸಬೇಕೋ ಬೇಡವೋ ಎಂಬ ಉತ್ತರ ಬೇಕು ಎಂಬ ಆಕ್ಷೇಪ ಗಂಭೀರವಾದದ್ದು. ಆದರೆ ಆ ನಿರ್ಧಾರಕ್ಕೆ ಬೇಕಾದದ್ದೇ ಸಂಭವನೀಯತೆ. 2010ರ ಡಿಸೆಂಬರ್ 26ರ ಹಿಮಪಾತದಲ್ಲಿ ಸಂಚಾರ ನಿಲ್ಲಿಸದಿದ್ದುದರಿಂದ ಎ ಮಾರ್ಗದ ರೈಲಿನ ಪ್ರಯಾಣಿಕರು ಕ್ವೀನ್ಸ್‌ನಲ್ಲಿ ಸಿಕ್ಕಿಕೊಂಡು ರಾತ್ರಿ ಗಂಟೆಗಟ್ಟಲೆ ರೈಲಿನಲ್ಲೇ ಕಳೆಯಬೇಕಾಯಿತು. ಆ ನೆನಪಿದ್ದ ಸರ್ಕಾರಕ್ಕೆ, ಎರಡು ಅಡಿ ಹಿಮದ ಸಾಧ್ಯತೆ ನೂರಕ್ಕೆ ನಲವತ್ತರಷ್ಟಿದ್ದರೂ ರೈಲು ನಿಲ್ಲಿಸುವುದು ಸರಿಯೆನಿಸಬಹುದು. ಹಾಗಿದ್ದರೆ ಮಾರನೆಯ ದಿನ ಹತ್ತೇ ಇಂಚು ಬಿದ್ದರೂ ಹಿಂದಿನ ರಾತ್ರಿಯ ನಿರ್ಧಾರ ತಪ್ಪಾಗುವುದಿಲ್ಲ. ಸುರಂಗದೊಳಗಿನ ಮಾರ್ಗಗಳನ್ನೂ ಮುಚ್ಚಬೇಕಿತ್ತೇ ಎಂದು ವಾದಿಸಬಹುದು. ಅದು ರೈಲಿನ ಬಗೆಗಿನ ವಾದ, ಮುನ್ಸೂಚನೆಯದಲ್ಲ. ಸಾಧ್ಯತೆಯನ್ನು ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಜನ ಎರಡನ್ನೂ ಬೇರೆ ಬೇರೆಯಾಗಿ ತೂಗುತ್ತಿದ್ದರು. ಆಗ ಹವಾಮಾನ ಸೇವೆಯ ನಿರ್ದೇಶಕರಾಗಿದ್ದ, ನಾರ್‌ಈಸ್ಟರ್‌ಗಳ ಮೇಲೆ ಪಾಲ್ ಕೋಸಿನ್ ಜೊತೆ ದೊಡ್ಡ ಗ್ರಂಥ ಬರೆದಿದ್ದ ಲೂಯಿ ಉಚೆಲ್ಲಿನಿ ಕೂಡ 2015ರ ಆ ಬಿರುಗಾಳಿಯ ಮರುದಿನವೇ ಅನಿಶ್ಚಿತತೆಯನ್ನು ಇನ್ನೂ ಚೆನ್ನಾಗಿ ತಿಳಿಸಬೇಕೆಂದು ಒಪ್ಪಿದರು.

ಸ್ಕೀ ಮಾಡುವವರನ್ನು ನಾನು ಹೊಗಳಿದೆ, ಎಲ್ಲರನ್ನೂ ಅಲ್ಲ. ಹತ್ತು ದಿನ ಮುಂಚಿನ ಓಟವೊಂದರಲ್ಲಿ ಮೂರು ಅಡಿ ಕಂಡ ಕೂಡಲೇ ಆ ಒಂದು ನಕ್ಷೆಯನ್ನು ಊರಿಗೆಲ್ಲ ಹಂಚುವವರು ಇವರ ನಡುವೆಯೇ ಇದ್ದಾರೆ. ಮುಂದಿನ ಓಟದಲ್ಲಿ ಅದು ಮಾಯವಾದದ್ದನ್ನು ಅವರು ಹಂಚುವುದಿಲ್ಲ. ಹತ್ತು ದಿನದಾಚೆಯ ಇಂಚನ್ನು ಪ್ರತಿ ಬೆಟ್ಟಕ್ಕೂ ಒಂದೊಂದು ಸಂಖ್ಯೆಯಾಗಿ ಕೊಡುವ ಫೋನಿನ ಆ್ಯಪ್‌ಗಳು ಇದಕ್ಕೆ ಇನ್ನಷ್ಟು ಇಂಬು ಕೊಟ್ಟಿವೆ. ಆ ಸಂಖ್ಯೆ ನಂಬಿ ಹಿಂದಿರುಗದ ಹಣ ಕಟ್ಟಿ, ಬೆಟ್ಟ ತಲುಪಿ ಮಳೆಯಲ್ಲಿ ನೆನೆದವರು ಮರುದಿನ ಹವಾಮಾನ ಸೇವೆಯನ್ನೇ ಬೈಯುತ್ತಾರೆ, ಆ ಸೇವೆ ಅಂಥ ಸಂಖ್ಯೆಯನ್ನು ಹೇಳಿಯೇ ಇರುವುದಿಲ್ಲ.

ಹವಾಮಾನ ಸೇವೆ ಈಗ ಹಲವು ವರ್ಷಗಳಿಂದ ಹಿಮಪಾತಕ್ಕೆ ಮೂರು ನಕ್ಷೆ ಕೊಡುತ್ತಿದೆ. ನಡುವಿನದು ನಿರೀಕ್ಷಿತ ಹಿಮ. ಒಂದು ಬದಿಗೆ, ಇದಕ್ಕಿಂತ ಹೆಚ್ಚು ಬೀಳುವ ಸಾಧ್ಯತೆ ನೂರಕ್ಕೆ ತೊಂಬತ್ತು ಎನ್ನುವ ಕನಿಷ್ಠ. ಇನ್ನೊಂದು ಬದಿಗೆ, ಇದಕ್ಕಿಂತ ಹೆಚ್ಚು ಬೀಳುವ ಸಾಧ್ಯತೆ ನೂರಕ್ಕೆ ಹತ್ತೇ ಎನ್ನುವ ಗರಿಷ್ಠ. ವರ್ಮಾಂಟಿಗೆ ಹೊರಡುವ ಅನುಭವಿ ಮೊದಲು ಕನಿಷ್ಠದ ನಕ್ಷೆ ತೆರೆಯುತ್ತಾನೆ. ಅಲ್ಲೇ ಆರು ಇಂಚು ಇದ್ದರೆ ಹೊರಡುತ್ತಾನೆ. ಅಲ್ಲಿ ಸೊನ್ನೆ, ಗರಿಷ್ಠದಲ್ಲಿ ಎರಡು ಅಡಿ ಇದ್ದರೆ ಇನ್ನೊಂದು ದಿನ ಕಾಯುತ್ತಾನೆ. ಟಿವಿ ಕೇಂದ್ರಗಳು ಮಾತ್ರ ನಡುವಿನದನ್ನೇ ದೊಡ್ಡದಾಗಿ ತೋರಿಸಿ ಉಳಿದೆರಡನ್ನು ಬಿಟ್ಟುಬಿಡುತ್ತವೆ. ಸ್ಕೀ ರೆಸಾರ್ಟುಗಳಂತೂ ಗರಿಷ್ಠಕ್ಕೆ ಹತ್ತಿರವಿದ್ದದ್ದನ್ನೇ ಜಾಹೀರಾತಿಗೆ ಎತ್ತಿಕೊಳ್ಳುತ್ತವೆ. ಟಿಕೆಟ್ ಮಾರುವ ಪುಟದಲ್ಲಿ ಕನಿಷ್ಠವನ್ನೂ ಗರಿಷ್ಠವನ್ನೂ ಒಂದೇ ಅಳತೆಯ ಅಕ್ಷರದಲ್ಲಿ, ಗಾಳಿಯ ವೇಗಕ್ಕೆ ಲಿಫ್ಟ್ ನಿಲ್ಲುವ ಸಂಭವವನ್ನೂ ಸೇರಿಸಿ ಅಚ್ಚುಹಾಕಲಿ. ಅದಕ್ಕೆ ಬೇಕಾದ ಲೆಕ್ಕವನ್ನೆಲ್ಲ ಸರ್ಕಾರಿ ಕಚೇರಿಯೊಂದು ದಿನವೂ ಮಾಡಿ, ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಳ್ಳಲಿ ಎಂದು ಮುಂದೆ ಇಟ್ಟಿದೆ.